ಹೈಬ್ರಿಡ್ ಭತ್ತದ ಬೀಜ ಎತ್ತಿಟ್ಟು ಮತ್ತೆ ಬಿತ್ತುವ ಸಂಶೋಧನೆ: ‘ಶೇ. 95’ ಅಂದರೆ ಯಾವುದರ ಶೇ. 95?

ಗದ್ದೆಬದು:
ಹೈಬ್ರಿಡ್ ಭತ್ತದ ಬೀಜವನ್ನು ಮನೆಯಲ್ಲೇ ಎತ್ತಿಟ್ಟು ಮರುವರ್ಷ ಬಿತ್ತಿದರೂ ತಳಿ ಒಡೆಯದ ಹಾಗೆ ಮಾಡಿದ್ದಾರೆ, ಶೇ. 95ರಷ್ಟು ಯಶಸ್ಸು ಸಿಕ್ಕಿದೆ ಅಂತ ಸಂದೇಶವೊಂದು ಗುಂಪಿನಿಂದ ಗುಂಪಿಗೆ ಹರಿದಾಡುತ್ತಿದೆ. ನಮ್ಮ ಕಡೆಯವರಿಗೆ ಗೊತ್ತಿರುವ ಉದಾಹರಣೆ ಅಂದರೆ ಮಂಡ್ಯದ ವಿ.ಸಿ. ಫಾರಂನ ಕೆಆರ್‌ಎಚ್-2. ಹೆಣ್ಣು ಸಾಲು ಐಆರ್ 58025ಎ, ಗಂಡು ಸಾಲು ಕೆಎಂಆರ್-3. ಕೊಂಡ ಬೀಜದಲ್ಲಿ ಪೈರೆಲ್ಲ ಒಂದೇ ಎತ್ತರ, ಒಂದೇ ಸಲ ಹೊಡೆ ಒಡೆಯುತ್ತದೆ. ಅದೇ ಪೈರಿನ ಕಾಳನ್ನು ಬಿತ್ತಿದರೆ ಮುಂದಿನ ಬೆಳೆಯಲ್ಲಿ ಒಂದು ಗಿಡ ಸೊಂಟದೆತ್ತರ, ಒಂದು ಮೊಣಕಾಲೆತ್ತರ. ಕೊಯ್ಲಿನ ದಿನವೂ ಹೊಂದುವುದಿಲ್ಲ, ಒಂದಷ್ಟು ತೆನೆ ಪೂರಾ ಜೊಳ್ಳು.

ಮೂರು ಪ್ರಶ್ನೆ. ಇದನ್ನು ತಪ್ಪಿಸಲು ಭತ್ತದ ಒಳಗೆ ನಿಜವಾಗಿ ಏನನ್ನು ಬದಲಿಸುತ್ತಾರೆ? ಆ 95 ಯಾವ ಲೆಕ್ಕ? ಹುಟ್ಟಿದ ಸಸಿ ತಾಯಿಯ ಪಡಿಯಚ್ಚು ಹೌದೋ ಅಲ್ಲವೋ ಅಂತ ಪರೀಕ್ಷಿಸುವುದು ಹೇಗೆ? ಗೊತ್ತಿರುವವರು ಬಿಡಿಸಿ ಹೇಳಿ. ‘ಕ್ರಾಂತಿ’ ಅನ್ನುವ ಪದ ಬೇಡ, ದಯವಿಟ್ಟು.

ಕೋಶಕೇಂದ್ರ:
ಮೊದಲ ಪ್ರಶ್ನೆಗೆ ಉತ್ತರ. ಕೆಲಸ ಎರಡು ಭಾಗದ್ದು. ಬೀಜದ ಹಿಂದಿರುವ ಅಂಡಕೋಶ ತಾಯಿಯ ಕ್ರೋಮೊಸೋಮ್‌ಗಳನ್ನು ಅರ್ಧ ಮಾಡದೆ, ಕಲಸದೆ ಪೂರ್ತಿ ಇಟ್ಟುಕೊಳ್ಳಬೇಕು. ಆಮೇಲೆ ಗಂಡಿನ ಪಾಲಿಗೆ ಕಾಯದೆ ತಾನೇ ಭ್ರೂಣವಾಗಬೇಕು.

ಮೊದಲ ಭಾಗಕ್ಕೆ ‘ಮೈಮಿ’ ಅಂತ ಹೆಸರು: ಮಿಯಾಸಿಸ್ (ಕ್ರೋಮೊಸೋಮ್ ಅರ್ಧ ಮಾಡುವ ವಿಭಜನೆ) ಬದಲಿಗೆ ಮೈಟಾಸಿಸ್ (ಇದ್ದಷ್ಟನ್ನೂ ಹಾಗೇ ಉಳಿಸುವ ವಿಭಜನೆ). ಭತ್ತದಲ್ಲಿ ಮೂರು ಜೀನ್ ಕೆಡಿಸಬೇಕು.

ಪೇರ್1 ಕೆಟ್ಟರೆ ಡಿಎನ್‌ಎ ತುಂಡಾಗುವ ಕೆಲಸವೇ ಶುರುವಾಗುವುದಿಲ್ಲ. ಹಾಗಾಗಿ ಅಪ್ಪನ ಕಡೆಯ ಕ್ರೋಮೊಸೋಮೂ ಅಮ್ಮನ ಕಡೆಯದೂ ಜೋಡಿ ಕಟ್ಟುವುದಿಲ್ಲ, ತುಂಡು ಅದಲುಬದಲಾಗುವುದಿಲ್ಲ. ರೆಕ್8 ಕ್ರೋಮೊಸೋಮ್‌ನ ಎರಡು ಎಳೆಗಳನ್ನು ಮೊದಲ ವಿಭಜನೆ ಮುಗಿಯುವ ತನಕ ನಡುವಲ್ಲಿ ಹಿಡಿದಿಡುವ ಅಂಟು. ಅದು ಇಲ್ಲದಿದ್ದರೆ ಎಳೆಗಳು ಮೊದಲ ವಿಭಜನೆಯಲ್ಲೇ ಬೇರೆಯಾಗುತ್ತವೆ. ಓಎಸ್‌ಡಿ1 ಕೆಟ್ಟರೆ ಎರಡನೇ ವಿಭಜನೆ ನಡೆಯುವುದೇ ಇಲ್ಲ. ಮೂರೂ ಸೇರಿದಾಗ ಮಿಯಾಸಿಸ್ ಅನ್ನುವುದು ಮೈ ಬೆಳೆಸುವ ಕೋಶದ ಸಾಮಾನ್ಯ ವಿಭಜನೆಯಂತೆ ಆಗಿಬಿಡುತ್ತದೆ. ಭತ್ತದ 24 ಕ್ರೋಮೊಸೋಮೂ ತಾಯಿಯಲ್ಲಿದ್ದ ಹಾಗೇ ಅಂಡಕ್ಕೆ ಬರುತ್ತವೆ.

ಮೂರರಲ್ಲಿ ಒಂದು ಕೈಕೊಟ್ಟರೆ? ಪೇರ್1 ಮಾತ್ರ ಅಥವಾ ರೆಕ್8 ಮಾತ್ರ ಕೆಟ್ಟ ಗಿಡ ಬಂಜೆ. ಕ್ರೋಮೊಸೋಮ್‌ಗಳು ಅಡ್ಡಾದಿಡ್ಡಿ ಹಂಚಿಹೋಗಿ ತೆನೆ ತುಂಬ ಜೊಳ್ಳು. ಓಎಸ್‌ಡಿ1 ಮಾತ್ರ ಕೆಟ್ಟರೆ ಗಿಡ ಕಾಳು ಕಟ್ಟುತ್ತದೆ, ಅಂಡದಲ್ಲಿ 24 ಕ್ರೋಮೊಸೋಮೂ ಇರುತ್ತವೆ. ಆದರೆ ಅವು ಕಲಸಿದವು. ಎಡವಟ್ಟು ಆಗುವುದು ಇಲ್ಲೇ, ಹೊರಗಿಂದ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ.

ಇನ್ನೊಂದು ಸಣ್ಣ ವಿಷಯ. ಜೀನ್ ಕೆಡಿಸಲು ಬಳಸುವ ಕ್ರಿಸ್ಪರ್ ಕತ್ತರಿ ಹಾಕಿದ ಜಾಗದಲ್ಲಿ 1 ಅಥವಾ 2 ಬೇಸ್ (ಡಿಎನ್‌ಎಯ ಅಕ್ಷರ) ಹೋದರೆ ಪ್ರೋಟೀನಿನ ಓದು ದಾರಿ ತಪ್ಪಿ ಜೀನ್ ಸಾಯುತ್ತದೆ. 3 ಅಥವಾ 6 ಹೋದರೆ ಒಂದೆರಡು ಅಮೈನೋ ಆಮ್ಲ ಕಮ್ಮಿಯಾಗಿ ಪ್ರೋಟೀನ್ ಹೇಗೋ ಕೆಲಸ ಸಾಗಿಸುತ್ತಿರಬಹುದು. ಡಿಎನ್‌ಎ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಪಟ್ಟಿಗಳಾಗಿ ಬಿಡಿಸುವ ಜೆಲ್ ಮೇಲೆ ‘ಎಡಿಟ್ ಆಗಿದೆ’ ಅಂತ ಕಂಡ ಮಾತ್ರಕ್ಕೆ ಕೈ ತೊಳೆದುಕೊಳ್ಳಬಾರದು. ಮೂರು ಜೀನಿನ ಎರಡೆರಡು ಪ್ರತಿ, ಒಟ್ಟು ಆರನ್ನೂ ಸೀಕ್ವೆನ್ಸ್ ಮಾಡಿ ಓದಬೇಕು.

ಗದ್ದೆಬದು:
ಅಂಡವೇ ಪೂರ್ತಿ 24 ಇಟ್ಟುಕೊಂಡಿತು ಅಂದಮೇಲೆ ಪರಾಗವೂ 24 ಇಟ್ಟುಕೊಂಡಿರುತ್ತದಲ್ಲ? ಎರಡೂ ಸೇರಿದರೆ 48 ಆಗಲಿಲ್ಲವೇ?

ಕೋಶಕೇಂದ್ರ:
ಹೌದು, ಆಗುತ್ತದೆ. ಬರೀ ಮೈಮಿ ಇದ್ದರೆ ತಲೆಮಾರಿಗೊಮ್ಮೆ ದುಪ್ಪಟ್ಟು: 24, 48, 96. ಅದಕ್ಕೇ ಎರಡನೇ ಭಾಗ ಬೇಕು. ಬಿಬಿಎಂ1, ಅಂದರೆ ‘ಬೇಬಿ ಬೂಮ್’ ಜೀನ್. ಸಹಜ ಭತ್ತದಲ್ಲಿ ಅಂಡ ಫಲಿತವಾದ ಕೂಡಲೇ ಮೊದಲು ಚಾಲೂ ಆಗುವುದು ಗಂಡಿನ ಕಡೆಯಿಂದ ಬಂದ ಬಿಬಿಎಂ1 ಪ್ರತಿ. ‘ಇನ್ನು ಭ್ರೂಣ ಶುರು ಮಾಡು’ ಅನ್ನುವ ಅಪ್ಪಣೆ ಅದು. ಅದೇ ಜೀನನ್ನು ಅಂಡಕೋಶದಲ್ಲಿ ಮಾತ್ರ ಕೆಲಸ ಮಾಡುವ ಪ್ರೊಮೋಟರ್‌ಗೆ (ಜೀನ್ ಚಾಲೂ ಮಾಡುವ ಡಿಎನ್‌ಎ ಸ್ವಿಚ್ಚಿಗೆ) ಕಟ್ಟಿ ಒಳಗಿಟ್ಟರೆ, ಗಂಡು ಬರುವ ಮುಂಚೆಯೇ ಅಂಡಕ್ಕೆ ಅಪ್ಪಣೆ ಸಿಕ್ಕಿರುತ್ತದೆ.

ಹಾಗಂತ ಪರಾಗ ಬೇಡವೇ ಬೇಡ ಅಂತಲ್ಲ. ಕಾಳು ತುಂಬುವುದು ಎಂಡೋಸ್ಪರ್ಮ್, ನಾವು ಉಣ್ಣುವ ಅಕ್ಕಿ. ಅದು ಅಂಡದ ಪಕ್ಕದ ನಡುಕೋಶಕ್ಕೆ ಇನ್ನೊಂದು ಗಂಡು ಕೋಶ ಸೇರಿದರೇ ಆಗುವುದು. ಹೂವಿನ ಆರು ಕೇಸರ ಕಿತ್ತು ಚೀಲ ಕಟ್ಟಿದರೆ ಒಳಗೆ ಭ್ರೂಣ ಮೊಳೆಯಬಹುದು, ಆದರೆ ಊಟ ಇಲ್ಲದ ಭ್ರೂಣ ಕಾಳಾಗುವುದಿಲ್ಲ.

ಲೆಕ್ಕ ಚೆನ್ನಾಗಿದೆ, ನೋಡಿ. ಸಹಜ ಎಂಡೋಸ್ಪರ್ಮ್‌ನಲ್ಲಿ ತಾಯಿಯದು 2 ಪಾಲು, ತಂದೆಯದು 1 (ಪಾಲು ಅಂದರೆ 12 ಕ್ರೋಮೊಸೋಮಿನ ಒಂದು ಕಂತೆ). ಮೈಮಿ ಗಿಡದ ನಡುಕೋಶ 4 ಪಾಲು, ಅದರದೇ ಪರಾಗ 2 ಪಾಲು. ಮೊತ್ತ ದೊಡ್ಡದಾಯಿತು, ಅನುಪಾತ 2:1 ಹಾಗೇ ಉಳಿಯಿತು. ಕಾಳು ತುಂಬಲು ಈ ಅನುಪಾತವೇ ಮುಖ್ಯ. ಪಕ್ಕದ ಗದ್ದೆಯ ಮಾಮೂಲಿ ಪರಾಗ ಬಿದ್ದರೆ 4:1 ಆಗುತ್ತದೆ, ಅಂಥ ಕಾಳು ಕೆಡುವುದೇ ಹೆಚ್ಚು. ಭತ್ತ ತನ್ನ ಪರಾಗವನ್ನೇ ಹಾಕಿಕೊಳ್ಳುವ ಬೆಳೆ ಆದದ್ದು ಇಲ್ಲಿ ಅನುಕೂಲಕ್ಕೆ ಬಂತು.

ಹಳೆಹಾಳೆ:
ಇದರ ಹಿಂದೆ ಯಾರಿದ್ದಾರೆ ಅನ್ನುವುದನ್ನೂ ಬರೆದಿಡೋಣ. ಸಂದೇಶದಲ್ಲಿ ‘ಅಮೆರಿಕದ ವಿಜ್ಞಾನಿಗಳು’ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಹೈದರಾಬಾದನ್ನು ಬಿಟ್ಟು ಈ ಕಥೆ ಹೇಳಲು ಬರುವುದಿಲ್ಲ.

2008ರಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಸ್ಥೆ ಸಿಸಿಎಂಬಿಯ ಇಮ್ರಾನ್ ಸಿದ್ದಿಕಿ ಅವರ ತಂಡ, ಪ್ರಯೋಗಗಳಿಗೆ ಬಳಸುವ ಪುಟ್ಟ ಅರಬಿಡಾಪ್ಸಿಸ್ ಗಿಡದಲ್ಲಿ ‘ಡಯಾಡ್’ ಅನ್ನುವ ಒಂದೇ ಜೀನ್ ಕೆಟ್ಟರೂ ಅರ್ಧವಾಗದ ಅಂಡ ಹುಟ್ಟುತ್ತದೆ ಅಂತ ತೋರಿಸಿತು. ಗಿಡಕ್ಕೆ ಬೆರಳೆಣಿಕೆಯ ಬೀಜ ಅಷ್ಟೇ. ಆದರೂ ‘ಆಗುತ್ತದೆ’ ಅನ್ನುವುದು ಗೊತ್ತಾಯಿತು. 2011ರ ಇನ್ಫೋಸಿಸ್ ಪ್ರಶಸ್ತಿ ಅವರಿಗೆ ಬಂದಿತ್ತು. 2009ರಲ್ಲಿ ಫ್ರಾನ್ಸಿನಲ್ಲಿ ರಫಾಯೆಲ್ ಮರ್ಸಿಯೇ ತಂಡ ಮೂರು ಜೀನಿನ ಮೈಮಿಯನ್ನು ಅದೇ ಗಿಡದಲ್ಲಿ ಕಟ್ಟಿತು. ಅಲ್ಲಿ ಪೇರ್1 ಜಾಗದಲ್ಲಿದ್ದದ್ದು ಎಸ್‌ಪಿಓ11-1. 2010ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ರವಿ ಮಾರುತಾಚಲಂ ಮತ್ತು ಸೈಮನ್ ಚಾನ್ ಸೆಂಟ್ರೊಮಿಯರ್‌ನ (ವಿಭಜನೆಯಲ್ಲಿ ಕ್ರೋಮೊಸೋಮನ್ನು ಎಳೆಯುವ ಹಿಡಿಯ) ಸಿಇಎನ್‌ಎಚ್3 ಪ್ರೋಟೀನ್ ಬದಲಿಸಿ ಒಂದು ಕಡೆಯ ಕ್ರೋಮೊಸೋಮ್‌ಗಳೇ ಉದುರಿಹೋಗುವಂತೆ ಮಾಡಿದರು. ಮರುವರ್ಷ ಈ ಎಲ್ಲ ಎಳೆಗಳನ್ನೂ ಸೇರಿಸಿ ಬೀಜದ ಮೂಲಕ ತದ್ರೂಪಿ ಹುಟ್ಟಿಸಿದ ಪ್ರಬಂಧ ‘ಸೈನ್ಸ್’ನಲ್ಲಿ ಬಂತು. ಆದರೆ ಅದಕ್ಕೆ ಬೇರೊಂದು ವಿಶೇಷ ಗಿಡದ ಜೊತೆ ಅಡ್ಡಹಾಯಿಸಲೇಬೇಕಿತ್ತು. ರೈತನ ಗದ್ದೆಗೆ ಅದು ಹೊಂದುವ ದಾರಿಯಲ್ಲ.

2016ರಲ್ಲಿ ಮೈಮಿ ಭತ್ತಕ್ಕೆ ಬಂತು. 2018ರ ಡಿಸೆಂಬರಿನಲ್ಲಿ ಡೇವಿಸ್‌ನ ವೆಂಕಟೇಶನ್ ಸುಂದರೇಶನ್ ತಂಡ ‘ನೇಚರ್’ನಲ್ಲಿ ಬಿಬಿಎಂ1 ವಿಷಯ ಪ್ರಕಟಿಸಿತು. ಮೊದಲ ಲೇಖಕ ಇಮ್ತಿಯಾಜ್ ಖಾಂಡೆ. ಇವರು ಭತ್ತದ ಹೂವಿನ ಓಎಸ್‌ಮ್ಯಾಡ್ಸ್1 ಜೀನಿನ ಮೇಲೆ ಪಿಎಚ್‌ಡಿ ಮಾಡಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ, ಉಷಾ ವಿಜಯರಾಘವನ್ ಅವರ ಪ್ರಯೋಗಾಲಯದಲ್ಲಿ. ಸುಂದರೇಶನ್ 2024ರ ಕೃಷಿಯ ವುಲ್ಫ್ ಪ್ರಶಸ್ತಿ ಹಂಚಿಕೊಂಡ ಮೂವರಲ್ಲಿ ಒಬ್ಬರು.

ಜೊಳ್ಳುತೆನೆ:
ಈಗ 95ಕ್ಕೆ ಬರೋಣ.

2018ರ ಪ್ರಬಂಧದಲ್ಲಿ ತದ್ರೂಪಿ ಸಸಿಗಳ ಪಾಲು ಶೇ. 11ರಿಂದ 29. ಉಳಿದವು ಅಪ್ಪಣೆ ಸಿಕ್ಕಿದರೂ ಏಳದ ಅಂಡಗಳು. ಪರಾಗ ಸೇರಿ 48 ಕ್ರೋಮೊಸೋಮ್ ಆದವು. 2022ರ ಕೊನೆಗೆ ಫ್ರಾನ್ಸಿನ ಮೊಂಪೆಲಿಯೇದ ಸಿರಾಡ್ ಸಂಸ್ಥೆಯ ಓರೋರ್ ವೆರ್ನೆ, ಎಮಾನುಯೆಲ್ ಗಿಡೆರ್ದೋನಿ ಅವರು ಡೇವಿಸ್‌ನವರ ಜೊತೆ ಸೇರಿ, ಬಿಆರ್‌ಎಸ್-ಸಿರಾಡ್ 302 ಅನ್ನುವ ವಾಣಿಜ್ಯ ಹೈಬ್ರಿಡ್‌ಗೆ ಮೈಮಿ ಕತ್ತರಿಯನ್ನೂ ಬಿಬಿಎಂ1ಅನ್ನೂ ಒಂದೇ ಸಲಕ್ಕೆ ಸೇರಿಸಿದರು. ಅಲ್ಲಿ ಶೇ. 95ಕ್ಕಿಂತ ಹೆಚ್ಚು ಬಂತು, ಮುಂದಿನ ತಲೆಮಾರುಗಳಲ್ಲೂ ಉಳಿಯಿತು. ಸಂದೇಶದಲ್ಲಿರುವ 95 ಇದೇ.

ಈಗ ಗಮನಿಸಿ: ಅದು ಕಟ್ಟಿದ ಕಾಳುಗಳಲ್ಲಿ ತದ್ರೂಪಿ ಎಷ್ಟು ಅನ್ನುವ ಶೇಕಡಾ. ತೆನೆಯಲ್ಲಿ ಎಷ್ಟು ಹೂವು ಕಾಳಾಯಿತು ಅನ್ನುವುದು ಬೇರೆಯೇ ಶೇಕಡಾ. ರೈತನಿಗೆ ಬೇಕಾದದ್ದು ಎರಡರ ಗುಣಾಕಾರ. ಬರೀ ಲೆಕ್ಕಕ್ಕೆ ಹೇಳುತ್ತೇನೆ: 200 ಹೂವಿನ ತೆನೆಯಲ್ಲಿ 170 ಕಾಳು ಕಟ್ಟಿ ಅದರಲ್ಲಿ ಶೇ. 95 ತದ್ರೂಪಿಯಾದರೆ 161 ಒಳ್ಳೆಯ ಬೀಜ. ಕಟ್ಟಿದ್ದೇ 60 ಆದರೆ ಅದೇ ಶೇ. 95ಕ್ಕೆ ಸಿಗುವುದು 57. ಎರಡನೆಯ ಸಂಗತಿಯಲ್ಲಿ ಬೀಜ ಉಳಿತಾಯವಾಯಿತು, ಊಟಕ್ಕೆ ಅಕ್ಕಿ ಇಲ್ಲ! ಈ ವಿಷಯದ ಯಾವ ಪ್ರಬಂಧ ಕೈಗೆ ಬಂದರೂ ಸಾರಾಂಶ ಬಿಟ್ಟು ನೇರ ಕಾಳು ಕಟ್ಟಿದ ಕೋಷ್ಟಕಕ್ಕೆ ಹೋಗಿ. ಸಾಲಿನಿಂದ ಸಾಲಿಗೆ ಎಷ್ಟು ಏರುಪೇರಿದೆ ಅಂತ ನೋಡಿ. ಸರಾಸರಿ ಅಲ್ಲ, ಸಾಲುವಾರು.

ತೆನೆ12:
ಆದರೆ ಚೀನಾದ ದಾರಿಯಲ್ಲಿ ಹೊರಗಿನ ಜೀನೇ ಬೇಡವಲ್ಲ? ಕೆಜಿಯನ್ ವಾಂಗ್ ತಂಡ 2019ರಲ್ಲಿ ಚುನ್‌ಯೌ 84 ಹೈಬ್ರಿಡ್‌ನಲ್ಲಿ ಮೈಮಿಯ ಮೂರು ಜೀನಿನ ಜೊತೆ ಎಂಟಿಎಲ್ ಅನ್ನುವ ನಾಲ್ಕನೆಯದನ್ನೂ ಕೆಡಿಸಿ ತದ್ರೂಪಿ ಬೀಜ ಪಡೆಯಿತು. ಎಲ್ಲವೂ ಕೆಡಿಸುವ ಕೆಲಸ, ಸೇರಿಸುವುದು ಏನೂ ಇಲ್ಲ. ನನಗೆ ಅದೇ ಚೊಕ್ಕ ಅನ್ನಿಸುತ್ತದೆ.

ಜೊಳ್ಳುತೆನೆ:
ತೆನೆ12 ಅವರೇ, ಚೊಕ್ಕ ಹೌದು. ಆದರೆ ಮೇಲೆ ಹೇಳಿದ ಗುಣಾಕಾರವನ್ನು ಅಲ್ಲಿ ಹಾಕಿ ನೋಡಿ. ಎಂಟಿಎಲ್ ಪರಾಗದ ಜೀನ್. ಅದು ಕೆಟ್ಟಾಗ ಗಂಡಿನ ಪಾಲು ಭ್ರೂಣದಲ್ಲಿ ಉಳಿಯದ ಬೀಜಗಳು ಆಗೊಮ್ಮೆ ಈಗೊಮ್ಮೆ ಹುಟ್ಟುತ್ತವೆ, ಭತ್ತದಲ್ಲಿ ಶೇ. 6ರ ಆಸುಪಾಸು. ಜೊತೆಗೆ ಅದೇ ದೋಷ ಕಾಳು ಕಟ್ಟುವುದನ್ನೂ ಕುಗ್ಗಿಸುತ್ತದೆ. ಎರಡೂ ಶೇಕಡಾ ಸಣ್ಣವು, ಗುಣಿಸಿದರೆ ಇನ್ನೂ ಸಣ್ಣದು. ತತ್ವ ತೋರಿಸಲು ಸಾಕು, ಗದ್ದೆಗೆ ಸಾಲದು.

ತೆನೆ12:
ಸರಿ, ಒಪ್ಪಿದೆ.

ಲ್ಯಾಬ್‌ಕೋಟು:
ಮೂರನೇ ಪ್ರಶ್ನೆ ನನಗಿರಲಿ. ಪರೀಕ್ಷೆ ಮೂರು ಹಂತ, ಅಗ್ಗದ್ದರಿಂದ ದುಬಾರಿಗೆ.

ಹಂತ ಒಂದು, ಕಣ್ಣು ಮತ್ತು ಅಯೋಡಿನ್. 48 ಕ್ರೋಮೊಸೋಮಿನ ಭತ್ತದಲ್ಲಿ ಕಾಳು ದಪ್ಪ, ತುದಿಯಲ್ಲಿ ಮೀಸೆ, ತೆನೆಯಲ್ಲಿ ಕಾಳು ಕಮ್ಮಿ. 12 ಮಾತ್ರ ಇರುವ ‘ಹ್ಯಾಪ್ಲಾಯ್ಡ್’ ಗಿಡ ಗಿಡ್ಡ, ಬಂಜೆ. ಪರಾಗಕ್ಕೆ: ಮರುದಿನ ಅರಳಲಿರುವ ಹೂವನ್ನು ತೆನೆಯ ಮೇಲ್ಭಾಗದಿಂದ ಆರಿಸಿ, ಕೇಸರವನ್ನು ಶೇ. 1ರ ಅಯೋಡಿನ್-ಪೊಟ್ಯಾಸಿಯಂ ಅಯೋಡೈಡ್ ಹನಿಯಲ್ಲಿ ಹಿಸುಕಿ. ಗುಂಡಗೆ ಕಪ್ಪಾದರೆ ಜೀವಂತ. ಸುಕ್ಕಾಗಿ ಬಣ್ಣ ಹಿಡಿಯದಿದ್ದರೆ ಸತ್ತದ್ದು, ಮೈಮಿ ಅರ್ಧಂಬರ್ಧ ಆಗಿರುವ ಗುಮಾನಿ ಪಡಿ.

ಹಂತ ಎರಡು, ಫ್ಲೋ ಸೈಟೊಮೀಟರ್, ಅಂದರೆ ಒಂದೊಂದು ಕೋಶಕೇಂದ್ರದಲ್ಲೂ ಡಿಎನ್‌ಎ ಎಷ್ಟಿದೆ ಅಂತ ಅಳೆಯುವ ಯಂತ್ರ. ಎಳೆ ಎಲೆ 50 ಮಿ.ಗ್ರಾಂ, ಮಂಜುಗಡ್ಡೆಯ ಮೇಲಿಟ್ಟ ಪೆಟ್ರಿ ತಟ್ಟೆಯಲ್ಲಿ 1 ಮಿ.ಲೀ. ತಣ್ಣನೆಯ ಎಲ್‌ಬಿ01 ಅಥವಾ ಗಾಲ್‌ಬ್ರೈತ್ ಬಫರ್. ಹೊಸ ಬ್ಲೇಡಿನಿಂದ ಒಂದು ನಿಮಿಷ ಸಣ್ಣಗೆ ಕೊಚ್ಚಬೇಕು. ಕೊಚ್ಚಬೇಕು, ಅರೆಯಬಾರದು, ಅರೆದರೆ ಕೋಶಕೇಂದ್ರಗಳೇ ಒಡೆದು ಗ್ರಾಫಿನ ಎಡಗಡೆ ಕಸದ ಗುಡ್ಡ ಏಳುತ್ತದೆ. ಭತ್ತದ ಎಲೆಯಲ್ಲಿ ಸಿಲಿಕಾ ಇರುವುದರಿಂದ ಬ್ಲೇಡ್ ಬೇಗ ಮೊಂಡಾಗುತ್ತದೆ, ಎರಡು ಮೂರು ಎಲೆಗೊಂದು ಬದಲಿಸಿ. ಸುಮಾರು 40 ಮೈಕ್ರಾನ್ ನೈಲಾನ್ ಜಾಲರಿಯಲ್ಲಿ ಸೋಸಿ, ಡಿಎನ್‌ಎಗೆ ಹತ್ತುವ ಬಣ್ಣ ಪ್ರೊಪಿಡಿಯಂ ಅಯೋಡೈಡ್ ಮಿ.ಲೀ.ಗೆ 50 ಮೈಕ್ರೊಗ್ರಾಂ, ಆರ್‌ಎನ್ಏಸ್ (ಆರ್‌ಎನ್‌ಎ ಒಡೆಯುವ ಕಿಣ್ವ) ಕೂಡ ಅಷ್ಟೇ ಪ್ರಮಾಣ ಹಾಕಿ. ಆರ್‌ಎನ್ಏಸ್ ಮರೆತರೆ ಬಣ್ಣ ಆರ್‌ಎನ್‌ಎಗೂ ಹತ್ತಿ ಶಿಖರ ಅಗಲವಾಗುತ್ತದೆ. ಕನಿಷ್ಠ 5000 ಕೋಶಕೇಂದ್ರ ಎಣಿಸಿ. ಶಿಖರದ ಸಿವಿ (ಅದು ಎಷ್ಟು ಅಗಲ ಅನ್ನುವ ಅಳತೆ) ಶೇ. 5 ದಾಟಿದರೆ ಆ ಓಟ ಬಿಟ್ಟುಬಿಡಿ, ಮತ್ತೆ ಕೊಚ್ಚಿ. ಮಾಮೂಲಿ ಭತ್ತವನ್ನು ಪ್ರತಿ ತಂಡದ ಜೊತೆಗೂ ಓಡಿಸಲೇಬೇಕು.

ಇಷ್ಟಾದರೂ ಗೊತ್ತಾಗುವುದು ಕ್ರೋಮೊಸೋಮ್ ಎಣಿಕೆ ಮಾತ್ರ. 24 ಇದ್ದ ಮಾತ್ರಕ್ಕೆ ತದ್ರೂಪಿ ಅಲ್ಲ.

ಹಂತ ಮೂರು, ಮಾರ್ಕರ್. ತಂದೆ ತಾಯಿ ಸಾಲುಗಳಲ್ಲಿ ಜೆಲ್ ಮೇಲೆ ಬೇರೆ ಬೇರೆ ಪಟ್ಟಿ ಕೊಡುವ ಆರ್‌ಎಂ ಮಾರ್ಕರ್‌ಗಳನ್ನು (ಕ್ರೋಮೊಸೋಮಿನ ಗೊತ್ತಾದ ಜಾಗದ ಡಿಎನ್‌ಎ ಗುರುತುಗಳನ್ನು) ಆರಿಸಿ. ತದ್ರೂಪಿಯಲ್ಲಿ ಪ್ರತಿ ಮಾರ್ಕರಿಗೂ ಎರಡು ಪಟ್ಟಿ ಬರಬೇಕು, ಒಂದೂ ತಪ್ಪದೆ. ಕ್ರೋಮೊಸೋಮಿಗೆ ಒಂದರಂತೆ 12 ಮಾರ್ಕರ್ ಹಾಕಿದರೆ, ಮಾಮೂಲಿ ಎರಡನೇ ತಲೆಮಾರಿನ ಗಿಡ ಆಕಸ್ಮಿಕವಾಗಿ ಎಲ್ಲದರಲ್ಲೂ ಪಾಸಾಗುವ ಸಾಧ್ಯತೆ 4096ಕ್ಕೆ ಒಂದು. ಆದರೆ ಮಾರ್ಕರ್ ಎಲ್ಲಿ ಕೂತಿದೆ ಅನ್ನುವುದು ಎಣಿಕೆಗಿಂತ ಮುಖ್ಯ. ಓಎಸ್‌ಡಿ1 ಮಾತ್ರ ಕೆಟ್ಟ ಗಿಡದ ಅಂಡದಲ್ಲಿ ಸೆಂಟ್ರೊಮಿಯರ್ ಸುತ್ತಲಿನ ಜಾಗ ಒಂದೇ ಪಟ್ಟಿಗೆ ಇಳಿದಿರುತ್ತದೆ, ತುದಿಗಳಲ್ಲಿ ಎರಡು ಪಟ್ಟಿ ಉಳಿದಿರಬಹುದು. ಬರೀ ತುದಿಯ ಮಾರ್ಕರ್ ನೋಡಿದವರು ಮೋಸ ಹೋಗುತ್ತಾರೆ. ಪ್ರತಿ ಕ್ರೋಮೊಸೋಮಿಗೂ ಸೆಂಟ್ರೊಮಿಯರ್ ಹತ್ತಿರ ಒಂದು, ಎರಡು ತುದಿಗೆ ಒಂದೊಂದು: 36.

ಗದ್ದೆಬದು:
ಇದು ಉಪಯೋಗಕ್ಕೆ ಬರುವ ಮಾತು. ಇನ್ನೊಂದು ಕೇಳುತ್ತೇನೆ. ಹೈಬ್ರಿಡ್ ಬೀಜೋತ್ಪಾದನೆಯ ತಾಪತ್ರಯ ಎಲ್ಲರಿಗೂ ಗೊತ್ತು. ಎರಡು ಸಾಲು ಗಂಡು, ಎಂಟು ಸಾಲು ಹೆಣ್ಣು. ಎರಡೂ ಒಂದೇ ವಾರದಲ್ಲಿ ಹೂ ಬಿಡುವಂತೆ ಒಟ್ಲು ಹಾಕುವ ದಿನ ಹೊಂದಿಸಬೇಕು. ಹೆಕ್ಟೇರಿಗೆ 45–60 ಗ್ರಾಂ ಜಿಬ್ಬರೆಲಿಕ್ ಆಮ್ಲ; ನೀರಿನಲ್ಲಿ ಕರಗುವುದಿಲ್ಲ ಅಂತ ಮೊದಲು ಆಲ್ಕೊಹಾಲಿನಲ್ಲಿ ಕರಗಿಸಬೇಕು. ಬೆಳಗ್ಗೆ ಹೂವರಳುವ ಹೊತ್ತಿಗೆ ಅರ್ಧ ಗಂಟೆಗೊಮ್ಮೆ ಹಗ್ಗ ಎಳೆದು ಪರಾಗ ಉದುರಿಸಬೇಕು. ಬೀಜದ ಬೆಲೆ ಏರುವುದೇ ಇಲ್ಲಿ. ಈ ಹೊಸ ಜೀನ್‌ಗಳನ್ನು ಎ ಸಾಲಿಗೂ (ಹೆಣ್ಣು) ಆರ್ ಸಾಲಿಗೂ (ಗಂಡು) ಹಾಕಿ, ಅಡ್ಡಹಾಯಿಸಿ ಹೈಬ್ರಿಡ್ ಮಾಡಬಹುದಲ್ಲ?

ಕೋಶಕೇಂದ್ರ:
ಆಗುವುದಿಲ್ಲ, ಮತ್ತು ಯಾಕೆ ಆಗುವುದಿಲ್ಲ ಅನ್ನುವುದರಲ್ಲೇ ತಮಾಷೆ ಇದೆ. ಮೈಮಿಯ ಮೂರೂ ದೋಷ ಎರಡೂ ಪ್ರತಿಯಲ್ಲಿ ಇದ್ದರೇ ಕೆಲಸ ಮಾಡುವುದು. ಆದರೆ ಮೂರೂ ಎರಡೆರಡು ಪ್ರತಿ ಇರುವ ಗಿಡ ಸಹಜ ಅಂಡ, ಸಹಜ ಪರಾಗ ಕೊಡುವುದೇ ಇಲ್ಲ, ಆದ್ದರಿಂದ ತಂದೆತಾಯಿ ಆಗಲಾರದು. ತಂದೆತಾಯಿಯಲ್ಲಿ ಒಂದೊಂದು ಪ್ರತಿ ಮಾತ್ರ ಇಟ್ಟು ಅಡ್ಡಹಾಯಿಸಿದರೆ ಮೂರೂ ಕೂಡಿಬರುವ ಸಸಿ 64ಕ್ಕೆ ಒಂದು. ಗದ್ದೆ ಮಟ್ಟದ ಬೀಜೋತ್ಪಾದನೆಗೆ ಅದು ನಡೆಯದು.

ಅದಕ್ಕೇ ನೇರವಾಗಿ ಹೈಬ್ರಿಡ್ ಬೀಜದ ಭ್ರೂಣದಿಂದಲೇ ಕ್ಯಾಲಸ್ (ಗಿಡವಾಗಿ ಬೆಳೆಯಬಲ್ಲ ಕೋಶಗಳ ಮುದ್ದೆ) ಬೆಳೆಸಿ ಅದಕ್ಕೆ ಕತ್ತರಿ ಮತ್ತು ಬಿಬಿಎಂ1 ಎರಡನ್ನೂ ಗಿಡದೊಳಗೆ ಜೀನ್ ಸಾಗಿಸುವ ಬ್ಯಾಕ್ಟೀರಿಯಾ ಆಗ್ರೊಬ್ಯಾಕ್ಟೀರಿಯಂ ಮೂಲಕ ಒಟ್ಟಿಗೆ ಕೊಡುತ್ತಾರೆ. ಇಲ್ಲಿ ಬೇರೆಯವರು ಗಮನಿಸದ ತಪ್ಪೊಂದಿದೆ: ಕೊಂಡ ಹೈಬ್ರಿಡ್ ಚೀಲದಲ್ಲಿ ಹೆಣ್ಣು ಸಾಲಿನ ಬೆರಕೆ ಕಾಳು ಇದ್ದೇ ಇರುತ್ತವೆ. ಒಂದು ಕಾಳಿನಿಂದ ಒಂದು ಕ್ಯಾಲಸ್, ಒಂದೊಂದಕ್ಕೂ ನಂಬರ್; ಕತ್ತರಿ ಹಾಕುವ ಮುಂಚೆಯೇ ನಾಲ್ಕೈದು ಮಾರ್ಕರ್ ಹಾಕಿ ಹೈಬ್ರಿಡ್ ಹೌದೋ ಅಲ್ಲವೋ ನೋಡಿ. ಇಲ್ಲದಿದ್ದರೆ ವರ್ಷ ಕಳೆದ ಮೇಲೆ ಎಲ್ಲ ಮಾರ್ಕರಿನಲ್ಲೂ ಒಂದೇ ಪಟ್ಟಿ ಬಂದು, ಮೈಮಿ ಕೆಟ್ಟಿದೆಯೋ ಮೂಲವೇ ತಪ್ಪೋ ತಿಳಿಯದೆ ಒದ್ದಾಡಬೇಕಾಗುತ್ತದೆ.

ಮೊದಲ ಗಿಡ ಸಿಕ್ಕಿದ ಮೇಲೆ ಬೀಜವನ್ನೇ ನಂಬಿ ಕೂರಬೇಡಿ. ತೆಂಡೆ ಒಡೆದು ಎರಡು ಮೂರು ಕುಂಡದಲ್ಲಿ ಉಳಿಸಿಕೊಳ್ಳಿ. ತಾಯಿ ಗಿಡ ಜೀವಂತ ಇದ್ದರೆ ಹೋಲಿಸಿ ನೋಡುವುದು ಸುಲಭ.

ತೆನೆ12:
ಕಾನೂನಿನ ಮಾತು. 2022ರ ಮಾರ್ಚ್ 30ರ ಕೇಂದ್ರ ಪರಿಸರ ಸಚಿವಾಲಯದ ಆದೇಶದಂತೆ, ಹೊರಗಿನ ಡಿಎನ್‌ಎ ಉಳಿಯದ ಎಸ್‌ಡಿಎನ್-1, ಎಸ್‌ಡಿಎನ್-2 ಬಗೆಯ (ಇರುವ ಜೀನನ್ನೇ ಕತ್ತರಿಸಿ ಕೆಡಿಸುವ ಅಥವಾ ತುಸು ತಿದ್ದುವ) ಎಡಿಟಿಂಗ್‌ಗೆ ಕುಲಾಂತರಿ ನಿಯಮಗಳಿಂದ ವಿನಾಯಿತಿ ಇದೆ. 2025ರ ಮೇನಲ್ಲಿ ಹೊರಬಂದ ಡಿಆರ್‌ಆರ್ ಧಾನ್ 100 (ಕಮಲಾ) ಮತ್ತು ಪೂಸಾ ಡಿಎಸ್‌ಟಿ ರೈಸ್ 1 ಆ ದಾರಿಯವು. ಮೈಮಿಯ ಮೂರು ದೋಷವಷ್ಟೇ ಆದರೆ ಅದೂ ಇದೇ ಗುಂಪು. ಆದರೆ ಅಂಡದ ಪ್ರೊಮೋಟರ್ ಕಟ್ಟಿದ ಬಿಬಿಎಂ1 ಒಳಗೆ ಕೂತ ಕ್ಷಣ ಅದು ಕುಲಾಂತರಿ, ಕುಲಾಂತರಿಗೆ ಅನುಮತಿ ಕೊಡುವ ಕೇಂದ್ರ ಸಮಿತಿ ಜಿಇಎಸಿ ಮುಂದೆ ಹೋಗಲೇಬೇಕು. ಬಿಬಿಎಂ1 ಭತ್ತದ್ದೇ ಜೀನ್ ಅಂತ ವಾದಿಸಿದರೂ ನಡೆಯದು.

ಮಿಡಿಮಾವು:
ಮೇಲಿನವರೆಲ್ಲ ಹೊಸದಾಗಿ ಕಟ್ಟುತ್ತಿರುವುದನ್ನು ಕೊಡಗಿನ ಕಿತ್ತಳೆ ತಾನಾಗೇ ಮಾಡಿಕೊಂಡು ಬಂದಿದೆ. ಒಂದು ಬೀಜ ಹಾಕಿದರೆ ಎರಡು ಮೂರು ಸಸಿ ಏಳುತ್ತವೆ. ಹೆಚ್ಚಿನವು ತಾಯಿಯ ಪಡಿಯಚ್ಚು. ಕರಾವಳಿಯ ಒಳೂರು, ಬಪ್ಪಕಾಯಿ ಮಾವಿನ ಓಟೆಯಲ್ಲೂ ಇದೇ, ಕಸಿಗೆ ಬೇರುಗಿಡವಾಗಿ ಅವನ್ನು ಇಷ್ಟಪಡುವುದು ಒಂದೇ ಸಮ ಸಸಿ ಬರುತ್ತವೆ ಅಂತ. ಆದರೆ ಅಲ್ಲಿ ಭ್ರೂಣ ಹುಟ್ಟುವುದು ಅಂಡದಿಂದಲ್ಲ, ಅಂಡದ ಸುತ್ತಲಿನ ನ್ಯೂಸೆಲಸ್ ಅಂಗಾಂಶದಿಂದ. ಮೇವಿನ ಗಿನಿ ಹುಲ್ಲು, ಅಂಜನ್ ಹುಲ್ಲಿನದು ಇನ್ನೊಂದು ದಾರಿ, ಅಲ್ಲೂ ಬೀಜ ತಾಯಿಯ ಪಡಿಯಚ್ಚೇ. ಗಿನಿ ಹುಲ್ಲಿನ ತಳಿ ಸುಧಾರಣೆ ಇಷ್ಟು ತಲೆನೋವು ಆಗಿರುವುದೂ ಅದಕ್ಕೇ: ಅಡ್ಡಹಾಯಿಸಲು ಹೋದರೆ ಹುಲ್ಲು ಒಪ್ಪುವುದಿಲ್ಲ.

ಗದ್ದೆಬದು:
ಲ್ಯಾಬ್‌ಕೋಟು ಸರ್, ಕೊನೆಯದೊಂದು. ಮಾಮೂಲಿ ಭತ್ತದ ಶಿಖರವನ್ನು 200ಕ್ಕೆ ಹೊಂದಿಸಿದ ಮೇಲೆ ಸಸಿಯೊಂದರಲ್ಲಿ 200ರಲ್ಲಿ ದೊಡ್ಡದು, 400ರಲ್ಲಿ ಸಣ್ಣದು ಬಂದರೆ ಅದನ್ನು 48 ಅನ್ನಬೇಕೋ 24 ಅನ್ನಬೇಕೋ?

ಲ್ಯಾಬ್‌ಕೋಟು:
24. 400ರ ಸಣ್ಣ ಶಿಖರ ವಿಭಜನೆಗೆ ತಯಾರಾಗಿ ಡಿಎನ್‌ಎ ದುಪ್ಪಟ್ಟು ಮಾಡಿಕೊಂಡ ಕೋಶಗಳದ್ದು, ಎಳೆ ಎಲೆಯಲ್ಲಿ ಇರುವಂಥದ್ದೇ. 48ರ ಗಿಡದಲ್ಲಿ 200ರ ಜಾಗ ಖಾಲಿ, 400ರಲ್ಲಿ ದೊಡ್ಡದು, 800ರಲ್ಲಿ ಸಣ್ಣದು. ಹಾಗಾಗಿ ಮೊದಲು 200ರಲ್ಲಿ ಏನಾದರೂ ಇದೆಯೇ ಅಂತ ನೋಡಿ. 200ರಲ್ಲೂ 400ರಲ್ಲೂ ಸಮ ಎತ್ತರ ಬಂದರೆ ಅನುಮಾನಿಸಬೇಕಾದ್ದು ನಿಮ್ಮ ಕೈಯನ್ನು: ಹಿಂದಿನ ಎಲೆಯ ಚೂರು ತಟ್ಟೆಯಲ್ಲೇ ಉಳಿದಿರುತ್ತದೆ, ಇಲ್ಲವೇ ಒತ್ತಾಗಿ ಬಿತ್ತಿದ ಟ್ರೇಯಲ್ಲಿ ಎರಡು ಸಸಿಯ ಎಲೆ ಒಟ್ಟಿಗೆ ಕಿತ್ತಿರುತ್ತೀರಿ. ತಟ್ಟೆ ತೊಳೆದು, ಒಂದೇ ಸಸಿಯ ಒಂದೇ ಎಲೆಯಿಂದ ಮತ್ತೆ ಓಡಿಸಿ.